ಪಂಚರ್ ಅಂಗಡಿಯೋನ ಎದೆ

ಪಂಚರ್ ಅಂಗಡಿಯೋನ ಸ್ವಂತ ಗಾಡಿ ಯಾವತ್ತೂ ಪಂಚರ್ರೇ ಆಗಿರ್ತದೆ. ಹುಣಸೂರಲ್ಲಿ ಈ ಕಸುಬು ಹಿಡ್ದಾಗಿಂದ ನಂಗಿದು ಅಭ್ಯಾಸ. ಈ ಸಲ ಗಾಡಿ ಬುಟ್ಟು ಎದೆಗೇ ಆಯ್ತು, ಅಷ್ಟೇ.

ಸುಮ್ನಾದ್ರು

ನನ್ನೆದೆ ಒಂದೊಂದ್ಸಲ ಚೋಕ್ ಎಳ್ದ ಮೊಪೆಡ್ ಥರ ಓಡೋದು. ತೊಡೆಸಂದೀಲಿ ವೈರ್ ಬುಟ್ಟು, ಗುಂಡಿಗೇಲಿ ತಪ್ಪು ಕರೆಂಟ್ ಓಡೋ ಜಾಗ ಸುಡ್ತೀವಿ ಅಂದ್ರು ಮೈಸೂರಿನ ಡಾಕ್ಟ್ರು. ತೊಡೆಸಂದಿ ಮಾತ್ರ ಮರಗಟ್ಟಿಸಿದ್ರು, ನಾನು ಎಚ್ಚರವಾಗೇ ಇದ್ದೆ. ಅವ್ರವ್ರೇ ಕ್ರಿಕೆಟ್ ಮಾತಾಡ್ತಿದ್ದೋರು ಇದ್ದಕ್ಕಿದ್ದಂಗೆ ಸುಮ್ನಾಗ್ಬುಟ್ರು. ಗಿರಾಕಿ ಟ್ಯೂಬ್ ನನ್ ಕೈಲಿ ಹರ್ದಾಗ ನಾನೂ ಇಂಗೇ ಸುಮ್ನಾಗೋದು.

"ಹರ್ದೋಯ್ತಾ ಸಾರ್?" ಅಂದೆ.

"ಸಣ್ಣದೊಂದು ತೂತು. ನಾವು ನೋಡ್ಕೋತೀವಿ."

ನಾನೂ ಗಿರಾಕಿಗೆ ಇದ್ನೇ ಹೇಳೋದು. ಅದ್ಕೇ ಭಯ ಆಯ್ತು.

ಪ್ಯಾಚಿಲ್ದ ರಿಪೇರಿ

ರಕ್ತ ಸೋರಿ, ಗುಂಡಿಗೆ ಸುತ್ಲ ಚೀಲದಲ್ಲಿ ತುಂಬ್ಕೊಂಡು ಗುಂಡಿಗೇನೇ ಅಮುಕ್ತಿತ್ತಂತೆ. ಬಿಪಿ ಇಳ್ದು ಕಣ್ಣು ಕತ್ಲೆ ಬಂತು. ಎದೆ ಕೆಳಗೆ ಸೂಜಿ ಚುಚ್ಚಿ, ಪೈಪ್ ಇಟ್ಟು ರಕ್ತ ಎಳ್ದ್ಮೇಲೆ ಜೀವ ಬಂತು.

ಹೊರಗೆ ನಮ್ಮನೆಯವ್ಳು ಕೂತಿದ್ಳು. ಬೆಟ್ಟದಪುರದೋಳು, ಅಂಗಡೀಲಿ ನನ್ ಜೊತೇಲೇ ಚಕ್ರ ಬಿಚ್ಚೋಳು, ಸುಲಭಕ್ಕೆ ಅಳೋಳಲ್ಲ. ಪ್ಯಾಚ್ ಹಾಕಿದ್ರಾ ಅಂತ ಡಾಕ್ಟ್ರನ್ನ ಕೇಳವ್ಳೆ. ಸೋರೋದು ನಿಂತದೆ, ತೂತು ತಾನಾಗೇ ಮುಚ್ಕೋತದೆ ಅಂದವ್ರೆ ಅವ್ರು.

"ತಾನಾಗೇ ಮುಚ್ಕೊಳಂಗಿದ್ರೆ ನಾವ್ಯಾಕೆ ಅಂಗಡಿ ಇಕ್ತಿದ್ವಿ ಸಾರ್?" ಅಂದ್ಳಂತೆ. ಆಮೇಲೆ ಐಸಿಯು ಬಾಗ್ಲು ಬುಟ್ಟು ಕದಲ್ನೇ ಇಲ್ಲ.

ಕೊನೇ ಪರೀಕ್ಷೆ

ಮಾರ್ನೇ ದಿನ ಪೈಪ್ ತೆಗ್ದ್ರು. ನರ್ಸಮ್ಮ ಹತ್ತಿ ತಗೊಳಕ್ಕೆ ಆ ಕಡೆ ತಿರುಗಿದ್ದೇ ತಡ, ನಮ್ಮೋಳು ಬೆರಳು ನಾಲ್ಗೆಗೆ ಮುಟ್ಟಿಸ್ಕೊಂಡು ನನ್ ಗಾಯದತ್ರ ತಂದ್ಳು. ವಾಲ್ವ್ ಮೇಲೆ ಎಂಜ್ಲು ಹಚ್ಚಿ, ಗುಳ್ಳೆ ಬತ್ತದಾ ನೋಡ್ದೆ ನಾವು ಯಾವ ಚಕ್ರಾನೂ ಕಳ್ಸಾಕಿಲ್ಲ. ನರ್ಸಮ್ಮ ಗಪ್ಪಂತ ಕೈ ಹಿಡ್ಕೊಂಡ್ರು. ಅಷ್ಟೊತ್ಗೆ ಡಾಕ್ಟ್ರೇ ಬಂದು ಏನಮ್ಮ ಇದು ಅಂದ್ರು.

"ಲೀಕ್ ನೋಡ್ತಿದ್ದೆ ಸಾರ್."

ಡಾಕ್ಟ್ರು ನಗ್ನಿಲ್ಲ. "ನಾವೂ ಅದ್ನೇ ಮಾಡೋದು ಕಣಮ್ಮ. ನಮ್ದು ಎಂಜ್ಲಲ್ಲ, ಜೆಲ್ಲಿ."

ನನ್ನೆದೆಗೆ ಜೆಲ್ಲಿ ಬಳ್ದು, ಎಕೋ ಮಿಷಿನ್ ಇಟ್ಟು, ಗುಂಡಿಗೆ ಬಡ್ಕೊಳೋದ್ನ ಪರದೇಲಿ ತೋರ್ಸಿದ್ರು. ಸುತ್ತ ತಿರ್ಗಾ ರಕ್ತ ಸೇರಿಲ್ಲ ನೋಡಿ ಅಂದ್ರು. ಅವ್ಳು ಪರದೆಗೆ ಮೂಗು ತಾಗೋವಷ್ಟು ಹತ್ರ ಹೋಗಿ ತುಂಬೊತ್ತು ನೋಡಿದ್ಳು. ಆಮೇಲೆ ಸೆರಗಲ್ಲಿ ಕಣ್ಣೊರೆಸ್ಕೊಂಡು, ತಲೆ ಕಡೆ ಎತ್ತಿ ನಿಲ್ಸಿದ್ದ ನನ್ ಮಂಚ ತೋರ್ಸಿದ್ಳು.

"ಅಂಗಾರೆ ಜಾಕ್ ಇಳ್ಸಿ ಸಾರ್, ಕರ್ಕೊಂಡೋಯ್ತೀನಿ."