ಮಾವನ ಮನೆಗಾಡಿಗೆ ವೀಸಾ ಸಿಗ್ನಿಲ್ಲ

ನಮ್ ಸೋದರಮಾವಂಗೆ ತಲೆ ಕೆಟ್ಟಿಲ್ಲ. ಈ ಮಾತ್ನ ಮೊದ್ಲೇ ಹೇಳ್ಬುಡ್ತೀನಿ, ಪೂರ್ತಿ ಓದಿದ್ ಮೇಲೆ ಹೇಳಿದ್ರೆ ನೀವ್ಯಾರೂ ನಂಬಕ್ಕಿಲ್ಲ. ಹೊತ್ತೊತ್ತಿಗೆ ಉಣ್ತಾನೆ, ಮರೀದೆ ವೋಟ್ ಹಾಕ್ತಾನೆ, ಸಂಜೆ ಆಯ್ತಂದ್ರೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹತ್ರ ನಿಂತು ಎಲ್ಲಾರಂಗೇ ಟೀ ಕುಡೀತಾನೆ. ಇರೋದು ಒಂದೇ ಒಂದು ಸಣ್ಣ ವಿಷ್ಯ. ನ್ಯೂಜಿಲೆಂಡಿಗೆ ಹೋಗೋರು ಉಪ್ಪಿನಕಾಯಿ ತಗೊಂಡು ಹೋಗ್ತಾರೆ, ಚಟ್ನಿಪುಡಿ ತಗೊಂಡು ಹೋಗ್ತಾರೆ. ನಮ್ ಮಾವ ಹಳೇ ಹೂವಿನ ವ್ಯಾನ್ ತಗೊಂಡು ಹೋಗ್ತೀನಿ ಅಂತ ಕುಂತ್ಬುಟ್ಟ!

"ವ್ಯಾನ್ ಅನ್ಬ್ಯಾಡ ಕಣ್ಲಾ. ಮನೆಗಾಡಿ ಅನ್ನು."

ಸರಿ, ಮನೆಗಾಡಿ. ಈ ಗಾಡೀಲಿ ಮಾವ ವರ್ಷಗಟ್ಲೆ ಚೆಂಡುಹೂವ ತುಂಬ್ಕೊಂಡು ಚಾಮರಾಜನಗರದ ಮಾರ್ಕೆಟ್ಟಿಗೆ ಹೊಡ್ದ. ಆಮೇಲೆ ಒಂದಿನ ಏನನ್ನಿಸ್ತೋ, ಹೂವು ಹಾಕೋದು ನಿಲ್ಲಿಸಿ, ಊಟಿ ರೋಡಿನ ಶೆಡ್ಡಲ್ಲಿ ಒಬ್ಬ ವೆಲ್ಡಿಂಗ್‌ನೋನ ಜೊತೆ ಸೇರ್ಕೊಂಡು ಬಾಗ್ಲು ಹಾಕ್ಕೊಂಡ. ಬಾಗ್ಲು ತೆಗೆಯೋವತ್ಗೆ ವ್ಯಾನೊಳಗೊಂದು ಮನೆ! ಗ್ಯಾಸ್ ಒಲೆ, ಸಿಂಕು, ಫ್ಯಾನು, ಅತ್ತೆ ಹಳೇ ಸೀರೆ ಹರಿದು ಮಾಡಿದ ಕಿಟಕಿ ಪರದೆ. ಮಲಗೋಕ್ಕೆ ಒಂದು ಹಲಗೆ. ಆ ಹಲಗೆ ಎಷ್ಟುದ್ದ ಅಂದ್ರೆ, ನಮ್ ಕುಳ್ಳ ಮಾವ ಮಲಗಿದ್ ಮೇಲೂ ಕಾಲ ಹತ್ರ ಒಂದು ಮೇಕೆ ಕಟ್ಟಬೋದು.

"ಇಷ್ಟುದ್ದ ಯಾಕ್ ಮಾವ?"

"ಮರ ಉದ್ದ ಇತ್ತು."

"ಬಚ್ಚಲು ಎಲ್ಲಿ?"

"ಹೊರಗಡೆ ಅಷ್ಟೊಂದು ಜಾಗ ಮಡಗವ್ನಲ್ಲ ದ್ಯಾವ್ರು!"

"ಬಂಡೀಪುರದಲ್ಲಿ ಅದೇ ಜಾಗ ಹುಲಿಗೂ ಮಡಗವ್ನೆ ಮಾವ."

ಮಾವ ಬಚ್ಚಲು ಮಾಡ್ನಿಲ್ಲ. ಗೃಹಪ್ರವೇಶ ಮಾತ್ರ ಮಾಡ್ದ. ಮನೆ ಅಂದ್ಮೇಲೆ ಹಾಲು ಉಕ್ಕಿಸ್ಬೇಕಲ್ಲ! ಐನೋರು ಒಳಗೆ ಕುಂತು ಒಲೆ ಹಚ್ಚಿದ್ರು. ಶೆಡ್ಡು ಇಳಿಜಾರು, ಹಾಲು ಮೂಡಣಕ್ಕೆ ಉಕ್ಕೋ ಬದ್ಲು ಪಡುವಣಕ್ಕೆ ವಾಲ್ತು. ಬೇರೆಯೋರಾಗಿದ್ರೆ ಪಾತ್ರೆ ತಿರುಗಿಸೋರು. ನಮ್ ಮಾವ ಸೀದಾ ಹೋಗಿ ಗಾಡಿ ಸ್ಟಾರ್ಟ್ ಮಾಡಿ ಮನೇನೇ ತಿರುಗಿಸ್ದ! ಹಾಲು ನಾಲ್ಕೂ ದಿಕ್ಕಿಗೆ ಉಕ್ತು. ಐನೋರ ಪಂಚೆ ಐದನೇ ದಿಕ್ಕು. ಪಾಪ, ದಕ್ಷಿಣೆ ಇಸ್ಕೊಳ್ಳದೆ ಓಡೋದ ಐನೋರ್ನ ನಾನು ಕಂಡಿದ್ದು ಅವತ್ತೊಂದೇ ದಿನ.

ಇನ್ನೊಂದು ಹೇಳ್ಲೇಬೇಕು. ಮಾವ ಸ್ಟೇರಿಂಗ್ ಹಿಡಿದ ಅಂದ್ರೆ ಬಾಯಿ ತೆರ್ಕೊಂತು ಅಂತಲೇ ಲೆಕ್ಕ. ರಸ್ತೇಲಿ ಕಂಡಿದ್ದಕ್ಕೆಲ್ಲಾ ಬೈತಾನೆ. ಕೆಟ್ಟ ಮಾತಲ್ಲ, ಒಂಥರಾ ಪಾರಾಯಣ. "ಎಮ್ಮೆ ತಾಯೀ, ರಸ್ತೆ ನಿಮ್ಮಪ್ಪಂದಾ, ಮದುವೆಗ್ ಹೊಂಟಂಗೆ ಹೊಂಟಿದ್ದೀಯಲ್ಲಾ... ಲೋ ಬಸ್ಸಪ್ಪಾ, ಎಡಕ್ಕೋಗ್ಲಾ, ಎಡಕ್ಕೋಗು... ಅಯ್ಯೋ ರೋಡ್‌ಹಂಪೇ, ನಿನ್ನ ಇಲ್ಲಿ ಹಾಕ್ದೋನ ಸೊಂಟ ಉಳುಕ..." ಒಂದೇ ರಾಗ, ಒಂದೇ ತಾಳ, ಊರಿಂದ ಊರ್ಗೆ. ಮನೆಗಾಡಿ ಮೊದಲ್ನೇ ಪ್ರವಾಸಕ್ಕೆ ಮೈಸೂರಿಗೆ ಅಂತ ಹೊರಟು ಬೇಗೂರಲ್ಲೇ ಕೆಟ್ಟು ನಿಂತಾಗ, ವಾಪಸ್ ಟ್ರಾಕ್ಟರಿಗೆ ಕಟ್ಕೊಂಡು ಎಳ್ಕೊಂಡ್ ಬಂದ್ವಿ. ಮಾವ ಸುಮ್ಕೆ ಕುಂತಿದ್ನಾ? ಕೆಟ್ಟ ಗಾಡಿ ಸ್ಟೇರಿಂಗ್ ಹಿಡ್ಕೊಂಡು ದಾರಿ ಪೂರಾ ಎಳೀತಿರೋ ಟ್ರಾಕ್ಟರಿಗೇ ಬೈದ!

ಇಂಗಿರೋ ಮನುಷ್ಯನ ಹೆಂಡ್ತಿ ನಮ್ಮತ್ತೆ. ಉಡಿಗಾಲದ ರೈತರ ಮನೆ ಹುಡುಗಿ, ಚಾಮರಾಜನಗರದ ಆಸ್ಪತ್ರೇಲಿ ನರ್ಸು, ಮಾವಂಗಿಂತ ಒಂದು ತಲೆ ಎತ್ತರ, ಹತ್ತು ತಲೆ ಬುದ್ಧಿ. ಯಾರ್ಗೂ ಹೇಳ್ದಂಗೆ ಓದಿ, ಪರೀಕ್ಷೆ ಬರ್ದು, ನ್ಯೂಜಿಲೆಂಡಲ್ಲಿ ಕೆಲಸ ತಗೊಂಬುಟ್ರು. ಮಾವಂಗೂ ವೀಸಾ ಬಂತು, ಇಬ್ಬರ್ಗೂ ಒಂದೇ ದಿನದ ಟಿಕೆಟ್ಟು. ನಮ್ಮವ್ವ, ಅಂದ್ರೆ ಮಾವನ ಅಕ್ಕ, ಬೀದಿಗೆಲ್ಲಾ ಮೈಸೂರುಪಾಕು ಹಂಚಿದ್ಲು. ಆಗ ಮಾವ ಹೇಳಿದ್ದು ಎರಡೇ ಮಾತು.

"ಗಾಡಿನೂ ಬತ್ತದೆ. ಹಡಗಲ್ಲಿ."

ಅವ್ವನ ಬಾಯಲ್ಲಿದ್ದ ಮೈಸೂರುಪಾಕು ಕೆಳಗೆ ಬಿತ್ತು.

ಹಡಗು ಹುಡುಕೋ ಕೆಲಸ ಯಾರ್ ತಲೆಗೆ? ನನ್ ತಲೆಗೆ! ನಂಗೆ ಇಂಗ್ಲಿಷ್ ಬತ್ತದೆ ಅಂತ ಒಂದು ಸುಳ್ಳಿತ್ತು ಊರಲ್ಲಿ. ಹಬ್ಸಿದ್ದು ನಾನೇ. ಮಂಗಳೂರಲ್ಲಿ ಒಬ್ಬ ಏಜೆಂಟ್ ಸಿಕ್ದ, ಪುಣ್ಯಕ್ಕೆ ಕನ್ನಡ ಮಾತಾಡೋನು. ಗಾಡಿ ವಯಸ್ಸು ಕೇಳಿದ, ಹೇಳ್ದೆ. ಇನ್ನೊಂದ್ಸಲ ಕೇಳಿದ, ಇನ್ನೊಂದ್ಸಲ ಹೇಳ್ದೆ.

"ಅಲ್ಲಿಯೇ ಒಂದು ತೆಗೊಳ್ಳಿ ಮಾರಾಯ್ರೇ" ಅಂದ ಕೊನೆಗೆ. "ಇದನ್ನು ಕಳಿಸುವ ಖರ್ಚಿನಲ್ಲಿ ಅಲ್ಲಿ ಫ್ರಿಜ್ಜು, ಬಾತ್‌ರೂಮು ಎಲ್ಲ ಇರುವ ಗಾಡಿ ಬರ್ತದೆ."

ನಾನು ಮಾವಂಗೆ ಮೊಬೈಲಲ್ಲಿ ಅಲ್ಲಿನ ಹಳೇ ಗಾಡಿಗಳ ಫೋಟೋ ತೋರ್ಸಿದೆ. ಹೆಣ್ಣು ನೋಡೋಕ್ ಬಂದ ಬೀಗರಂಗೆ ಒಂದೊಂದ್ರಲ್ಲೂ ಹುಳುಕು ತೆಗ್ದ. ಒಂದು ಬೆಳ್ಳಗೆ ಆಸ್ಪತ್ರೆ ಥರ ಅದೆ. ಇನ್ನೊಂದರ ಮುಖ ಸರಿ ಇಲ್ಲ. ಮತ್ತೊಂದ್ರಲ್ಲಿ ಬಚ್ಚಲೂ ಒಲೆನೂ ಪಕ್ಕಪಕ್ಕ, "ಥೂ, ಉಂಬಕ್ಕಾಯ್ತದಾ?" ಎಲ್ಲಾದ್ರಲ್ಲೂ ಒಂದು ಜಾಗ ಮಾತ್ರ ಜೂಮ್ ಮಾಡಿ ಮಾಡಿ ನೋಡೋನು, ಹಾಸಿಗೆ. "ಗಿಡ್ಡ" ಅನ್ನೋನು. "ಇದೂ ಗಿಡ್ಡ." ಗಿಡ್ಡ ಮನುಷ್ಯಂಗೆ ಗಿಡ್ಡ ಹಾಸಿಗೆ ಯಾಕಾಗಲ್ಲ? ನಂಗೆ ತಲೆಗೆ ಹೋಗ್ನಿಲ್ಲ.

"ಅಲ್ಲೂ ಸ್ಟೇರಿಂಗ್ ಬಲಗಡೆನೇ ಅಂತೆ ಕಣ್ಲಾ" ಅಂದ. "ಅಂದ್ರೆ ಆ ದೇಶ ನಮ್ ಗಾಡಿಗೆ ಅಂತ್ಲೇ ರಸ್ತೆ ಮಾಡವ್ರೆ!"

ಇಂಥ ತರ್ಕಕ್ಕೆ ಯಾವ ವಕೀಲ ಉತ್ತರ ಕೊಡ್ತಾನೆ ಹೇಳಿ! ಏಜೆಂಟಿಗೆ ಮತ್ತೆ ಫೋನ್ ಮಾಡ್ದೆ. ಅವನು ಬ್ರೇಕಿನ ಪರೀಕ್ಷೆ, ಗ್ಯಾಸಿನ ಪರೀಕ್ಷೆ ಅಂತ ಏನೇನೋ ಹೇಳಿ, ಕೊನೇಲಿ ಅಂದ, "ಎಲ್ಲಕ್ಕಿಂತ ಮುಖ್ಯ, ಗಾಡಿಯಲ್ಲಿ ಒಂದು ಚಿಟಿಕೆ ಮಣ್ಣು, ಒಂದು ಬೀಜ ಕೂಡ ಇರಬಾರದು. ಆ ದೇಶದವರು ಇಳಿಸಿಕೊಳ್ಳುವುದಿಲ್ಲ."

ಇಷ್ಟೇ ತಾನೆ? ತೊಳೆದ್ರಾಯ್ತು! ಐಡಿಯಾ ನಂದೇ, ಕೆರೆಗೆ ಹೊಡ್ಕೊಂಡ್ ಹೋಗಿದ್ದೂ ನಾನೇ. ಮುಂದಿನ ಚಕ್ರ ನೀರಿಗೆ ಇಳೀತು. ಇಳೀತು, ಇಳೀತು, ಇಳೀತಾನೇ ಇತ್ತು! ಒಂದು ಚಿಟಿಕೆ ಮಣ್ಣು ತೆಗೆಯೋಕ್ ಹೋದ ಗಾಡಿಗೆ ಅರ್ಧ ಕೆರೆ ಮೆತ್ಕೊಂತು. ಮತ್ತದೇ ಟ್ರಾಕ್ಟರು ಬಂತು. ಸ್ಟೇರಿಂಗಲ್ಲಿ ಮಾವ ಕುಂತ್ಕೊಂಡು ಕೆರೆಗೆ ಬೈದ, ಟ್ರಾಕ್ಟರಿಗೆ ಬೈದ, ನಂಗೆ ಬೈದ. ಕೆರೇಲಿ ಬಿದ್ಕೊಂಡಿದ್ದ ಎಮ್ಮೆಗೆ ಮಾತ್ರ ಅವತ್ತು ಕ್ಷಮಾಪಣೆ ಕೇಳ್ದ, ಅದರ ಜಾಗ ನಾವು ಹಿಡ್ಕೊಂಡಿದ್ವಿ.

ಆಮೇಲೆ ಶೆಡ್ಡಲ್ಲೇ ನಿಲ್ಲಿಸಿ, ಬೋರ್‌ವೆಲ್ ಪೈಪ್ ಹಿಡ್ದು ಒಳಗೂ ಹೊರಗೂ ಹೊಡ್ದೆ. ಸಂದು ಗೊಂದು ಒಂದೂ ಬುಡ್ನಿಲ್ಲ. ಮೂಲೆಮೂಲೆಗೂ ನೀರು ಕುಡಿಸ್ಬುಟ್ಟು ಬಾಗ್ಲು ಹಾಕಿ ಬಂದೆ. ಸ್ವಲ್ಪ ದಿನ ಬಿಟ್ಟು ಫೋಟೋ ತೆಗೆಯೋಣ ಅಂತ ಬಾಗ್ಲು ತೆಗೀತೀನಿ, ನೆಲದ ಸಂದೀಲೆಲ್ಲಾ ಹಸ್ರು! ಹಲಗೆ ಕೆಳಗೆ ಹಸ್ರು, ಸಿಂಕಿನ ಬುಡದಲ್ಲಿ ಹಸ್ರು! ವರ್ಷಗಟ್ಲೆ ಹೂ ಹೊತ್ತ ಗಾಡಿ ನೋಡಿ, ಒಣಗಿ ಉದುರಿದ್ದ ಚೆಂಡುಹೂವಿನ ಬೀಜವೆಲ್ಲಾ ಸಂದೀಲಿ ಮಲಗಿತ್ತು. ನಾನು ನೀರು ಹಾಕಿ ಎಬ್ಬಿಸ್ಬುಟ್ಟಿದ್ದೆ!

ಬುದ್ಧಿ ಇರೋನಾಗಿದ್ರೆ ಫೋಟೋ ಕಳಿಸ್ತಿರ್ಲಿಲ್ಲ. ನಾನು ಕಳಿಸ್ದೆ. ಏಜೆಂಟ್ ತಕ್ಷಣ ಫೋನ್ ಮಾಡ್ದ. "ಇದನ್ನು ನೀವು ತೋಟಗಾರಿಕೆ ಇಲಾಖೆಗೆ ಕಳಿಸಿ ಮಾರಾಯ್ರೇ, ನನಗಲ್ಲ." ಅಲ್ಲಿಂದ ಮುಂದೆ ಅವನು ನನ್ ಫೋನೇ ಎತ್ನಿಲ್ಲ.

ನಾವು ಕಿತ್ವಿ. ಮತ್ತೆ ಹುಟ್ತು. ಮತ್ತೆ ಕಿತ್ವಿ. ಆ ಗಾಡೀಲಿ ಹುಟ್ಟದೇ ಇದ್ದಿದ್ದು ನಮ್ ಬುದ್ಧಿ ಒಂದೇ.

ಇಲ್ಲೀಗಂಟ ನಗು. ಆಮೇಲೆ ಮನೇಲಿ ಯಾರೂ ನಗ್ನಿಲ್ಲ. ಯಾಕಂದ್ರೆ ಮಾವ ಒಂದಿನ ಊಟಕ್ ಕುಂತಾಗ, ತಟ್ಟೆ ನೋಡ್ಕೊಂಡೇ ಅತ್ತೆಗೆ ಹೇಳ್ದ, "ನೀ ಓಗಿರು ಕಣಮ್ಮಿ. ಗಾಡಿ ಸರಿ ಮಾಡ್ಕೊಂಡು ಹಿಂದ್ಗುಟ್ಟೆ ನಾ ಬತ್ತೀನಿ."

ಹಿಂದ್ಗುಟ್ಟೆ ಬರೋದೆಲ್ಲಿಂದ? ಆ ಗಾಡಿ ಗುಂಡ್ಲುಪೇಟೆ ದಾಟಿ ಹೋಗಕ್ಕಿಲ್ಲ ಅಂತ ನಂಗೊತ್ತು, ಅವ್ವಂಗೊತ್ತು, ಶೆಡ್ಡಿನ ನಾಯಿಗೂ ಗೊತ್ತು. ಅತ್ತೆ ಸಾರು ಬಡಿಸಿದ್ರು. ಎರಡು ಸೂಟ್‌ಕೇಸಲ್ಲಿ ಒಂದಕ್ಕೆ ತಮ್ಮ ಬಟ್ಟೆ ತುಂಬಿ ಬೀಗ ಹಾಕಿದ್ರು. ಇನ್ನೊಂದು ಬಾಯಿ ತೆರ್ಕೊಂಡು ನಡುಮನೇಲಿ ಬಿದ್ದಿತ್ತು. ನಾವೆಲ್ಲಾ ಅದನ್ನ ಸುತ್ತಾಕ್ಕೊಂಡು ಓಡಾಡ್ತಿದ್ವಿ. ಅವ್ವ ಒಂದ್ಸಲ ಅದರ ಮುಂದೆ ಕುಂತು ಕಣ್ಣೊರೆಸ್ಕೊಂಡ್ಲು. "ಒಂದು ತಗಡಿಗೋಸ್ಕರ ಬಾಳು ಎರಡು ತುಂಡು ಮಾಡ್ಕೊಂತಾನಲ್ಲ ಇವ್ನು! ಲೋ, ನೀನಾದ್ರೂ ಹೇಳ್ಲಾ."

ನಾನು ಏನ್ ಹೇಳಿದ್ರೆ ಏನ್ ಉಪ್ಯೋಗ? ಇದುವರ್ಗೂ ನಾ ಹೇಳಿದ್ದೆಲ್ಲಾ ಕೆರೇಲಿ ಮುಳುಗಿತ್ತು. ಆದ್ರೂ ಮಾರನೇ ಬೆಳಿಗ್ಗೆ ಶೆಡ್ಡಿಗೆ ಹೋದೆ. ಮಾವ ಮಂಡಿ ಊರಿ ಸಸಿ ಕೀಳ್ತಿದ್ದ.

"ಮಾವ, ಬುಟ್ಬುಡು ಇದನ್ನ. ಅಲ್ಲೇ ಒಂದು ತಗೊ."

"ಅಲ್ಲಿದು ಗಿಡ್ಡ ಕಣ್ಲಾ."

"ನಿಂಗೇನ್ ಗಿಡ್ಡ? ನೀನು ಅದ್ರಲ್ಲಿ ಅಡ್ಡಡ್ಡ ಮಲಗಬೋದು!"

"ನಂಗಲ್ಲ." ಸಸಿ ಹಿಡ್ಕೊಂಡೇ ಹೇಳ್ದ. "ನಿಮ್ಮತ್ತೆ ನೈಟ್ ಡ್ಯೂಟಿ ಮುಗಿಸ್ಕೊಂಡು ಬತ್ತಿದ್ಲಲ್ಲ, ಹೂ ಇಳಿಸ್ಬುಟ್ಟು ನಾನು ಆಸ್ಪತ್ರೆ ಹತ್ರ ಕಾಯ್ತಿದ್ದೆ. ಖಾಲಿ ಚೀಲದ ಮೇಲೆ ಮಲಗಿದ್ರೆ ತೆರಕಣಾಂಬಿ ಬರೋದ್ರೊಳಗೆ ನಿದ್ದೆ. ಮನೇಲಿ ನಿದ್ದೆ ಬರಕ್ಕಿಲ್ಲ, ಇದ್ರಲ್ಲಿ ಮಾತ್ರ ಬತ್ತದೆ ಅಂದಿದ್ಲು. ಅಲ್ಲೂ ನೈಟ್ ಡ್ಯೂಟಿನೇ ಅಂತೆ ಕಣ್ಲಾ. ಗುರ್ತಿಲ್ಲದ ದೇಶ. ಎಂಗ್ ಮಲಗ್ತಾಳೆ? ಇದಿಲ್ದೆ ನಾನ್ ಹೋಗಿ ಅಲ್ಲಿ ಮಾಡೋದಾದ್ರೂ ಏನು?"

ನಂಗೆ ಆ ಹಲಗೆ ಉದ್ದ ಆಗ ಅರ್ಥ ಆಯ್ತು. ಮರ ಉದ್ದ ಇರ್ಲಿಲ್ಲ. ಅತ್ತೆ ಉದ್ದ ಇದ್ರು.

ನಾನೂ ಮಂಡಿ ಊರಿ ಒಂದು ಸಸಿ ಕಿತ್ತೆ. ಹಿಂದೆ ತಿರುಗಿದ್ರೆ ಅತ್ತೆ. ಟೀ ಫ್ಲಾಸ್ಕ್ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ರು. ಎಲ್ಲಾ ಕೇಳಿಸ್ಕೊಂಡಿದ್ರು.

"ಯಾವತ್ತಂದಿದ್ದೆ ನಾನು ಹಂಗೆ? ನಂಗೆ ಗ್ಯಾನನೇ ಇಲ್ವಲ್ರೀ!"

"ನೀ ಅಂದಿದ್ದೆ."

"ಸರಿ, ಅಂದಿದ್ದೆ. ಯಾಕೆ ನಿದ್ದೆ ಬತ್ತಿತ್ತು ಅಂತ ಕೇಳಿದ್ರಾ?"

ಮಾವ ಚೀಲ ಅಂದ. ಹೂವಿನ ವಾಸ್ನೆ ಅಂದ. ಗಾಡಿ ಕುಲುಕಾಟ ಅಂದ.

"ಕುಲುಕಾಟಕ್ಕೆ ಸೊಂಟ ಬಿದ್ದೋಗ್ತಿತ್ತು! ವಾಸ್ನೆಗೆ ತಲೆನೋವು!" ಅತ್ತೆ ಫ್ಲಾಸ್ಕ್ ಇಳಿಸಿ ಹಲಗೆ ಮೇಲೆ ಕುಂತ್ರು. "ರಾತ್ರಿಯೆಲ್ಲಾ ವಾರ್ಡಲ್ಲಿ ಎಲ್ಲಾರೂ ನನ್ನೇ ಕರೆಯೋರು ಕಣ್ರೀ. ಆ ಕಡೆಯಿಂದ ಸಿಸ್ಟರು, ಈ ಕಡೆಯಿಂದ ಸಿಸ್ಟರು. ಗಾಡಿ ಹತ್ತಿದ್ರೆ ಮುಂದುಗಡೆಯಿಂದ ನೀವು ಎಮ್ಮೆಗೆ ಬೈಯೋದು, ಬಸ್ಸಿಗೆ ಬೈಯೋದು ಕೇಳಿಸೋದು. ಸದ್ಯ, ಜಗತ್ತಿನ ಮೇಲೆ ಕಣ್ಣಿಡೋಕ್ಕೆ ಇನ್ನೊಬ್ಬರವ್ರೆ, ನಾನು ಕಣ್ಣು ಮುಚ್ಚಬೋದು ಅನ್ನಿಸೋದು. ಅಷ್ಟೇಯಾ."

ಮಾವ ಕೈಲಿದ್ದ ಸಸೀನ ತಿರ್ಗಾ ಸಂದಿಗೇ ಊರ್ದ. ಆಮೇಲೆ ಮೆಲ್ಲಗೆ ಕೇಳ್ದ.

"ಅಲ್ಲಿ ಇಂಗ್ಲಿಷಲ್ಲಿ ಬಯ್ಯಬೇಕಾಯ್ತದಾ?"

"ಕನ್ನಡದಲ್ಲೇ ಬೈರಿ. ಯಾರ್ಗೂ ತಿಳಿಯಕ್ಕಿಲ್ಲ, ಕೇಸೂ ಬೀಳಕ್ಕಿಲ್ಲ."

ಆವತ್ತು ಸಂಜೆ ಇನ್ನೊಂದು ಸೂಟ್‌ಕೇಸು ತುಂಬ್ತು.

ಈಗ ಗಾಡಿ ಶೆಡ್ಡಲ್ಲೇ ಅದೆ. ಚೆಂಡುಹೂವು ಬಿಟ್ಟದೆ, ನಮ್ಮವ್ವ ಪೂಜೆಗೆ ಕೊಯ್ಕೊಂಡು ಬತ್ತಾಳೆ. ಕೊಯ್ಯುವಾಗ ಆ ಹಲಗೆ ಮೇಲೆ ವಸಿ ಹೊತ್ತು ಸುಮ್ಕೆ ಕುಂತಿರ್ತಾಳೆ, ನಾನು ನೋಡಿಲ್ಲ ಅನ್ಕೊಂಡವ್ಳೆ. ಚಾಮರಾಜನಗರದ ರಸ್ತೇಲಿ ಹಂಪುಗಳು ಹಂಗೇ ಅವೆ. ಬೈಯೋರು ದಿಕ್ಕಿಲ್ಲ.

ಹೋದ ಭಾನುವಾರ ಬೆಳಿಗ್ಗೆ ನಾವು ಕಾಫಿ ಕುಡಿಯೋ ಹೊತ್ಗೆ ವೀಡಿಯೋ ಕಾಲ್ ಬಂತು. ಅಲ್ಲಿ ಆಗ್ಲೇ ಮಧ್ಯಾಹ್ನ. ಮಾವ ಗಾಡಿ ಓಡಿಸ್ತಿದ್ದ, ಫೋನು ಮುಂದುಗಡೆ ಸಿಕ್ಕಿಸಿತ್ತು. ಅಲ್ಲೇ ತಗೊಂಡ ಹಳೇ ಗಾಡಿ, ಬೆಳ್ಳಗೆ, ಆಸ್ಪತ್ರೆ ಥರದ್ದೇ! ಹಿಂದೆ ಹಾಸಿಗೆ ಕಾಣ್ತಿತ್ತು. ಗಿಡ್ಡ. ಅದರ ತುದಿಗೆ ಬೇರೆ ಬಣ್ಣದ ಮರದ ಹೊಸ ಹಲಗೆ ಜೋಡಿಸಿತ್ತು. ಆ ಹಲಗೆ ಮೇಲೆ ಕಾಲುಚೀಲ ಹಾಕ್ಕೊಂಡ ಎರಡು ಪಾದ.

"ಕುರಿ ತಾಯೀ, ರಸ್ತೆ ನಿಮ್ಮಪ್ಪಂದಾ, ಮದುವೆಗ್ ಹೊಂಟಂಗೆ ಹೊಂಟಿದ್ದೀಯಲ್ಲಾ..."

ನಂಗೆ ನಗು ಉಕ್ಕಿ ಬಂತು, ಮನೆಗಾಡಿ ಹಾಲಿನಂಗೆ, ನಾಲ್ಕೂ ದಿಕ್ಕಿಗೆ. ಅವ್ವ ನನ್ ಬಾಯಿ ಮೇಲೆ ಕೈ ಇಟ್ಲು.

"ಸದ್ದು ಮಾಡ್ಬ್ಯಾಡ ಕಣ್ಲಾ. ಅವಳು ಮಲಗವ್ಳೆ."

ನಾನು ಫೋನ್ ಮ್ಯೂಟ್ ಮಾಡ್ದೆ. ಕಾಫಿ ಆರೋಗೋವರ್ಗೂ ಇಬ್ರೂ ಕುಂತು ಆ ಬೈಗುಳ ಕೇಳಿಸ್ಕೊಂಡ್ವಿ.