ಗ್ರೈಂಡರಿನ ಹಸಿರು ಚೀಟಿಯವರ ಸನ್ನಿಧಾನಕ್ಕೆ

ಮಾನ್ಯ ಚೀಟಿಯವರೇ,

ಕಬ್ಬಿಣ ಉಜ್ಜುವ ಗ್ರೈಂಡರಿನ ಕರೆಂಟು ವೈರಿಗೆ ಸುತ್ತಿಕೊಂಡು, ‘ಪರೀಕ್ಷಿಸಲಾಗಿದೆ, ಸುರಕ್ಷಿತ’ ಎಂದು ಸಾರುತ್ತ ಬಂದಿರುವ ತಮಗೆ, ಸ್ವೆನ್‌ಬೋರ್ಗ್ ಬಂದರಿನಲ್ಲಿ ದೋಣಿ ರಿಪೇರಿ ಮಾಡುವ ನಮ್ಮೆಲ್ಲರ ಸವಿನಯ ವಂದನೆಗಳು. ಇಷ್ಟು ಕಾಲ ತಾವು ನಮಗೆ ಹಾಕಿದ್ದ ಟೋಪಿಯನ್ನು ತೆಗೆದೇ ವಂದಿಸುತ್ತಿದ್ದೇವೆ.

ರಸ್ತೆಬದಿಯಲ್ಲಿ ಆಲೂಗಡ್ಡೆಯನ್ನೂ ಒಂದು ದುಡ್ಡಿನ ಡಬ್ಬಿಯನ್ನೂ ಇಟ್ಟು, ಮಾರುವವರು ಮನೆಗೆ ಹೋಗಿ ನಿದ್ದೆ ಮಾಡುವ ನಾಡು ನಮ್ಮದು. ಹಾಗಿರುವಾಗ ಮೊಹರು ಬಿದ್ದ ತಮ್ಮನ್ನು ಅನುಮಾನಿಸುವುದುಂಟೇ? ನಮ್ಮ ಕಾಫಿ ಯಂತ್ರಕ್ಕೆ ಮಾತ್ರ ಯಾರೂ ಚೀಟಿ ಅಂಟಿಸಿಲ್ಲ. ಹಾಗಾಗಿ ನೀರು, ಸೋಸುವ ಕಾಗದ, ವೈರು ಎಲ್ಲವನ್ನೂ ಪ್ರತಿಯೊಬ್ಬರೂ ಬಗ್ಗಿ ನೋಡುತ್ತಾರೆ, ಕಾಫಿಯಿಂದ ಇದುವರೆಗೆ ಯಾರಿಗೂ ಅಪಾಯವಾಗಿಲ್ಲ.

ಸೋಮವಾರ ನಮ್ಮ ಆಸ್ಗರ್ ತುಕ್ಕು ಕೆರೆಯಲೆಂದು ಗ್ರೈಂಡರ್ ಎತ್ತಿಕೊಂಡು, ನೀರು ನಿಂತಿದ್ದ ಕಬ್ಬಿಣದ ದೋಣಿಯೊಳಕ್ಕೆ ಇಳಿಯಹೊರಟ. “ವೈರು ನೋಡಿದ್ಯಾ?” ಎಂದು ಮೇಸ್ತ್ರಿ ಬಿರ್ಗಿಟ್ಟೆ ಕೇಳಿದಳು. “ಹಸಿರು ಚೀಟಿ ಇದೆಯಲ್ಲ ಬಿರ್ಗಿಟ್ಟೆ, ಇನ್ನೇನು ನಾಡಿ ಹಿಡಿದು ನೋಡ್ಲಾ?” ಎಂದ. “ಅದರ ನಾಡಿ ನಿಂತ್ರೆ ನಿಲ್ಲಲಿ ಕಣೋ, ನಿಂದು ಹಿಡಿಯೋಕೆ ನಂಗೆ ಪುರುಸೊತ್ತಿಲ್ಲ” ಎಂದವಳೇ ಅವನ ಕೈಯಿಂದ ಕಿತ್ತುಕೊಂಡು, ಯಾರೂ ಮಾಡದ ಅಪಚಾರ ಮಾಡಿದಳು: ತಮ್ಮನ್ನು ಸುಲಿದಳು.

ಅಡಿಯಲ್ಲಿ ರಬ್ಬರು ಹರಿದು ತಾಮ್ರ ಹಲ್ಲು ಕಿರಿಯುತ್ತಿತ್ತು. ವೈರು ಸೀಳಿಹೋದಾಗ ಬೇರೆ ಟೇಪು ಸಿಗದೆ, ಯಾರೋ ಪುಣ್ಯಾತ್ಮರು ಪ್ಲಗ್ಗಿನ ಬಳಿಯಿದ್ದ ತಮ್ಮನ್ನೇ ಬಿಚ್ಚಿ, ಹಿಡಿಯ ಹತ್ತಿರದ ಗಾಯಕ್ಕೆ ಪಟ್ಟಿ ಕಟ್ಟಿದ್ದರು. ಆಸ್ಗರ್ ಒದ್ದೆ ಕೈಗವಸಿನ ಸುತ್ತ ವೈರು ಸುತ್ತಿಕೊಳ್ಳುವುದು ಸರಿಯಾಗಿ ಅಲ್ಲಿಯೇ. ಬಿರ್ಗಿಟ್ಟೆ ಇಕ್ಕಳದಿಂದ ವೈರು ಕತ್ತರಿಸಿದಳು. ಆಸ್ಗರ್ ಬಕೆಟ್ಟು ಬೋರಲು ಹಾಕಿ ಕೂತವನು, ಬೆಣ್ಣೆ ಹಚ್ಚಿದ ರೈ ಬ್ರೆಡ್ಡನ್ನು ಕೈಯಲ್ಲಿ ಹಿಡಿದು ತಿನ್ನುವುದನ್ನೇ ಮರೆತುಬಿಟ್ಟ.

ರೋಗವನ್ನೂ ತಾವೇ ಮುಚ್ಚಿಟ್ಟು, ಆರೋಗ್ಯದ ಪ್ರಮಾಣಪತ್ರವೂ ತಾವೇ ಆಗುವ ಈ ಪ್ರತಿಭೆ ಯಾವ ವೈದ್ಯರಿಗುಂಟು? ಇನ್ನು ಮುಂದೆ ದಯಮಾಡಿ ಗ್ರೈಂಡರಿನ ಬಿರುಕು ಬಿಟ್ಟ ಬಿಲ್ಲೆ ಸಿಡಿದಾಗ ಅಡ್ಡ ನಿಲ್ಲಬೇಕು, ಕಿಡಿ ಹಾರಿದಾಗ ಆಸ್ಗರನ ಕಣ್ಣು ಮುಚ್ಚಬೇಕು, ಕರೆಂಟು ಬಂದರೆ ಅವನ ಬದಲು ತಾವೇ ಹೊಡೆಸಿಕೊಳ್ಳಬೇಕು ಎಂದು ಬೇಡಿಕೊಳ್ಳುತ್ತೇವೆ. ಇವು ಆಗದಿದ್ದಲ್ಲಿ, ನಮಗೂ ಕಣ್ಣುಗಳಿವೆಯೆಂದು ಚಿಕ್ಕ ಅಕ್ಷರದಲ್ಲಾದರೂ ನಮೂದಿಸಿಕೊಳ್ಳಿ.

ಸೋಮವಾರದವರೆಗೆ ತಮ್ಮ ವಿಶ್ವಾಸಿ,
ಎಸ್ಬೆನ್ ಕೇರ್, ದೋಣಿ ಬಡಗಿ

ಮರೆತ ಮಾತು: ಹೊಸ ವೈರಿಗೆ ತಮ್ಮ ತಮ್ಮನನ್ನು, ಅಂದರೆ ಇನ್ನೊಂದು ಹಸಿರು ಚೀಟಿಯನ್ನು, ಅಂಟಿಸಿದ್ದಾರೆ. ಆಸ್ಗರ್ ಅವನನ್ನು ಓದುವ ಗೋಜಿಗೆ ಹೋಗುವುದಿಲ್ಲ. ಪ್ಲಗ್ಗು ಹಾಕುವ ಮೊದಲು ವೈರಿನುದ್ದಕ್ಕೂ ಬೆರಳಾಡಿಸುತ್ತಾನೆ, ತಮ್ಮ ತಮ್ಮನ ಮೇಲೆ ಬಂದಾಗ ಎರಡು ಸಲ.