ಓವರ್‌ಸಿಯರ್ ಸಾಹೇಬರ ಸೆಲ್ಫ್ ಸ್ಟಾರ್ಟ್

ಚಿಕ್ಕೋಡಿಯ ನನ್ನ ಗ್ಯಾರೇಜಿಗೆ ಬರುವ ಹಳೆ ಗಾಡಿಗಳಲ್ಲಿ ಎಂಜಿನ್ ಕೆಟ್ಟಿದ್ದು ಕಡಿಮೆ, ಸೆಲ್ಫ್ ಕೈಕೊಟ್ಟಿದ್ದೇ ಹೆಚ್ಚು. ಅದರಲ್ಲೂ ಏಕಸಂಬಿಯ ಓವರ್‌ಸಿಯರ್ ಸಾಹೇಬರ ಗಾಡಿ ನನ್ನನ್ನು ಕುಣಿಸಿದಷ್ಟು ಯಾವುದೂ ಕುಣಿಸಲಿಲ್ಲ. ಸಾಹೇಬರು ನಿವೃತ್ತರು. ಮುಂಬೈಯಿಂದ ತರಿಸಿದ, ಎಪ್ಪತ್ತರ ದಶಕದ ಜಪಾನಿ ಮೋಟರ್‌ಸೈಕಲ್ಲು ಅವರದು. ಮೊಣಕಾಲು ನೋವಿನಿಂದ ಕಿಕ್ ಹೊಡೆಯಲಾಗದು. ಮನುಷ್ಯ ಮಾತ್ರ ಒಂದು ಕಡೆ ನಿಲ್ಲುವ ಪೈಕಿ ಅಲ್ಲ.

೧. ಭಾರಿ ಬಣ್ಣ

ಗುಂಡಿ ಒತ್ತಿದರೆ ಬರೀ ‘ಟಕ್’. ಬ್ಯಾಟರಿ ಹೊಸದು. ಸಾಹೇಬರು ನನ್ನ ಬೆನ್ನ ಹಿಂದೆ ಓಡಾಡುತ್ತ, “ಆತೇನೋ ತಮ್ಮಾ?” ಅಂತ ಕೇಳಿದ್ದೇ ಕೇಳಿದ್ದು. ಮಧ್ಯಾಹ್ನದ ಹೊತ್ತಿಗೆ ದೋಷ ಸಿಕ್ಕಿತು. ಫ್ರೇಮಿಗೆ ಹೊಸ ಬಣ್ಣ ಹೊಡೆಸಿ, ಅರ್ಥಿಂಗ್ ವೈರನ್ನು ಬಣ್ಣದ ಮೇಲೇ ಬಿಗಿಸಿದ್ದರು.

“ಸಾಹೇಬ್ರ, ಬಣ್ಣದಾಗ ಕರೆಂಟ್ ಹಾಯೂದಿಲ್ರಿ.”

ಸಾಹೇಬರಿಗೆ ನಂಬಿಕೆ ಬರಲಿಲ್ಲ. “ನಿಪ್ಪಾಣಿಯಿಂದ ತರಿಸೀನಿ, ಭಾರಿ ಬಣ್ಣ ಐತದು. ಅದರಾಗೂ ಹಾಯೂದಿಲ್ಲೇನು?”

೨. ಚಹಾದಂಗಡಿಗೆ

ತಿಂಗಳೊಪ್ಪತ್ತಿನಲ್ಲಿ ಉಲ್ಟಾ ರೋಗ. ನಾನು ಪಕ್ಕದಲ್ಲಿ ನಿಂತು ಗುಂಡಿ ಒತ್ತಿದೆ, ಬಿಟ್ಟೆ, ಸೆಲ್ಫ್ ನಿಲ್ಲಲಿಲ್ಲ. ಸೆಲ್ಫಿಗೆ ಕರೆಂಟ್ ಬಿಡುವ ರಿಲೇ ಒಳಗೇ ಅಂಟಿಕೊಂಡು, ಬ್ಯಾಟರಿಯ ಕರೆಂಟ್ ನೇರವಾಗಿ ಸೆಲ್ಫಿಗೇ ಹರಿಯುತ್ತಿತ್ತು. ಗಾಡಿ ಗೇರಿನಲ್ಲಿದ್ದದ್ದನ್ನೂ ನಾನು ನೋಡಿರಲಿಲ್ಲ. ಅದು ಕುಪ್ಪಳಿಸುತ್ತ ಎದುರಿನ ಚಹಾದಂಗಡಿ ಕಡೆ ಹೊರಟಿತು, ಹ್ಯಾಂಡಲ್ ಹಿಡಿದು ನಾನೂ ಹೊರಟೆ. ಸಾಹೇಬರು ಓಡಿಬಂದು ಕೀಲಿ ಕಿತ್ತರು. ಗಾಡಿ ಕೇಳಲಿಲ್ಲ.

“ಕೀಲಿ ನನ್ನ ಕೈಯಾಗೈತಿ, ಇದು ಯಾರ ಮಾತ ಕೇಳಾಕತ್ತೈತಿ?”

ಕ್ಲಚ್ ಹಿಡಿಯಬೇಕೆಂದು ನನಗೆ ನೆನಪಾಗುವಷ್ಟರಲ್ಲಿ ಮುಂದಿನ ಗಾಲಿ ಅಂಗಡಿಯ ಬೆಂಚಿಗೆ ತಾಗಿತ್ತು. ಅಂಗಡಿಯವನು ಕಿಟ್ಲಿ ಪಕ್ಕಕ್ಕೆ ಸರಿಸಿ, ಗಾಡಿಯನ್ನೇ ಕೇಳಿದ: “ಸಕ್ಕರಿ ಹಾಕಲೋ, ಬ್ಯಾಡೋ?”

೩. ಬೇವಿನ ಮರದ ಕೆಳಗೆ

ಮದುವೆಯಾಗಿ ನಲವತ್ತು ವರ್ಷ ತುಂಬಿದ ದಿನ ಸಾಹೇಬರು ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಮಂಗಸೂಳಿ ಮಲ್ಲಯ್ಯನ ದರ್ಶನಕ್ಕೆ ಹೊರಟರು. ಹತ್ತು ಗಂಟೆಗೆ ಫೋನ್ ಬಂತು. “ಕಾಗವಾಡದ ಹತ್ರ ನಿಂತೀವಿ. ಗುಂಡಿ ಒತ್ತಿದ್ರ ಸಪ್ಪಳನ ಇಲ್ಲ. ಲಗೂನ ಬಾ.”

ಬಸ್ಸು ಹಿಡಿದು ಹೋದೆ. ಬೇವಿನ ಮರದ ಕೆಳಗೆ ಇಬ್ಬರೂ ಕುಂತಿದ್ದರು. ಸಾಹೇಬರ ಮುಖ ಬಾಡಿತ್ತು, ಅವರ ಹೆಂಡತಿ ಮಾತ್ರ ಆರಾಮಾಗಿದ್ದರು. ನಾನು ಬ್ಯಾಟರಿ ನೋಡಿದೆ, ಫ್ಯೂಜ್ ನೋಡಿದೆ, ರಿಲೇ ಬಿಚ್ಚಿದೆ. ಎಲ್ಲ ಸರಿಯಾಗಿಯೇ ಇತ್ತು. ಬೆವರು ಇಳಿಯತೊಡಗಿತು.

ಸಾಹೇಬರು ನೀರು ತರಲು ಹೋದಾಗ ಆಕೆ ಮೆಲ್ಲಗೆ ಹತ್ತಿರ ಬಂದರು. “ಹ್ಯಾಂಡಲ್ ಮ್ಯಾಲಿನ ಕೆಂಪು ಗುಂಡಿ ನಾನ ಬಂದ್ ಮಾಡೀನಪಾ. ಇವ್ರು ಕಾಯಿ ತರಾಕ ಇಳಿದಿದ್ರು, ಆವಾಗ.”

ಅದು ಬಂದ್ ಇದ್ದರೆ ಸೆಲ್ಫೂ ತಿರುಗದು, ಎಂಜಿನ್ನೂ ಏಳದು; ಆ ಗುಂಡಿಯೊಂದನ್ನು ಬಿಟ್ಟು ಇಡೀ ಗಾಡಿ ಬಿಚ್ಚಿದ್ದ ನಾನು ತಲೆ ತಗ್ಗಿಸಿದೆ. “ಯಾಕ್ರಿ ಕಾಕು?”

“ಮಗಳ ಲಗ್ನದ ಮಾತಾಡೂದಿತ್ತು. ಮನ್ಯಾಗ ಒಂದ ಕಡೆ ಕೂಡಂಗಿಲ್ಲ ಇವ್ರು.”

“ಮಾತು ಮುಗೀತೇನ್ರಿ?”

ಆಕೆ ಗಂಡ ಬರುವ ದಾರಿ ನೋಡಿದರು. “ಹುಡುಗನ ಊರು ಒಪ್ಪ್ಯಾರ, ಇನ್ನ ಹುಡುಗನ್ನ ಒಪ್ಪಬೇಕು. ನೀ ಒಂದು ತಾಸು ರಿಪೇರಿ ಮಾಡ್ದಂಗ ಮಾಡು.”